ಅದೂ ಅಲ್ಲ, ಇದೂ ಅಲ್ಲ

ಇಂಗ್ಲಿಷಿನಲ್ಲಿ ‘ನೈದರ್’ ಎಂದು ಒಂದು ಪದವಿದೆ. ಎದುರಿಗೆ ಎರಡು ವಸ್ತುಗಳೋ ಇಬ್ಬರು ಮನುಷ್ಯರೋ ಇರುವಾಗ, ಅದೂ ಅಲ್ಲ ಇದೂ ಅಲ್ಲ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ತಳ್ಳಿಹಾಕುವ ಪದ ಅದು. ಅದರ ಬೆನ್ನಿಗೇ ‘ನಾರ್’ ಎಂಬ ಇನ್ನೊಂದು ಬರುತ್ತದೆ. ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಗೆಲ್ಲ ಈ ಜೋಡಿಯ ಪರಿಚಯವುಂಟು. ಬಿಟ್ಟ ಸ್ಥಳ ತುಂಬಿ ಒಂದೆರಡು ಅಂಕ ಗಳಿಸಿದ ನೆನಪೂ ಇರಬಹುದು. ಇಷ್ಟು ಚಿಕ್ಕ ಮಾತಿಗೆ ಒಂದು ಭಾಷಣವೆ ಎಂದು ನೀವು ಕೇಳುವುದು ನ್ಯಾಯವೇ. ಈ ಒಂದು ಪದ ಸಮಯಕ್ಕೆ ಒದಗಿಬಾರದೆ ಹೋದುದರಿಂದ ನಾನೊಮ್ಮೆ ಒಡಹುಟ್ಟಿದ ಇಬ್ಬರ ನಡುವೆ ತಂದಿಟ್ಟ ಸಂಕಟವನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಪದದ ಚರಿತ್ರೆಗೆ ಬರುತ್ತೇನೆ.

ಆಗ ನಾನು ಬಿ.ಎ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದ ಹುಡುಗ. ವಕೀಲರೊಬ್ಬರ ಕಚೇರಿಯಲ್ಲಿ, ಮೇಲಿನ ನ್ಯಾಯಾಲಯಕ್ಕೆ ಹೋಗುವ ಮೊಕದ್ದಮೆಗಳ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವ ಕೆಲಸ ಸಿಕ್ಕಿತು. ಪುಟಕ್ಕಿಷ್ಟು ಎಂದು ಲೆಕ್ಕ. ಒಂದು ಮೊಕದ್ದಮೆಯಲ್ಲಿ, ತಂದೆಯೊಬ್ಬ ಪಿತ್ರಾರ್ಜಿತ ಜಮೀನನ್ನು ಮಾರಿಬಿಟ್ಟಿದ್ದ. ಆ ಕ್ರಯಕ್ಕೆ ತಾವು ಬದ್ಧರಲ್ಲವೆಂದು ಅವನ ಮಕ್ಕಳಿಬ್ಬರು ದಾವೆ ಹೂಡಿದ್ದರು. ಅವರ ತಾಯಿ ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ನುಡಿಯುತ್ತ, ‘ಈ ಕ್ರಯಕ್ಕೆ ನನ್ನ ಮಕ್ಕಳು ಇಬ್ಬರೂ ಒಪ್ಪಿರಲಿಲ್ಲ’ ಎಂದಿದ್ದಳು. ಇದಕ್ಕಿಂತ ತಿಳಿಯಾದ ಕನ್ನಡ ವಾಕ್ಯ ಇದ್ದೀತೆ? ನಾನು ಪದಕ್ಕೆ ಪದ ಇಟ್ಟೆ. ‘ಇಬ್ಬರೂ’ ಎನ್ನುವಲ್ಲಿ ‘ಬೋತ್’, ‘ಇಲ್ಲ’ ಎನ್ನುವಲ್ಲಿ ‘ನಾಟ್’. ‘ಬೋತ್ ಮೈ ಸನ್ಸ್ ಡಿಡ್ ನಾಟ್ ಅಗ್ರೀ’ ಎಂದಾಯಿತು. ಅಕ್ಷರ ದುಂಡಗಿತ್ತು, ಸ್ಪೆಲಿಂಗ್ ಸರಿಯಿತ್ತು; ಪುಟದ ಹಣವೂ ಬಂತು.

ಮೇಲ್ಮನವಿಯ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಆ ವಾಕ್ಯವನ್ನೇ ಹಿಡಿದುಕೊಂಡರು. ತಾಯಿ ಹೇಳುತ್ತಿರುವುದು ಒಪ್ಪಿದವರು ಇಬ್ಬರಲ್ಲ ಎಂದಷ್ಟೆ. ಒಬ್ಬ ಒಪ್ಪಿದ್ದನೆನ್ನುವುದಕ್ಕೆ ಈ ಮಾತು ಅಡ್ಡಿಯಲ್ಲ. ಒಪ್ಪಿದ್ದವನು ಈಗ ಬಂದು ಕ್ರಯವನ್ನು ಪ್ರಶ್ನಿಸುವುದು ಹೇಗೆ ಎಂದು ಅವರ ವಾದ. ಇಂಗ್ಲಿಷಿನ ಮಟ್ಟಿಗೆ ಆ ವಾದಕ್ಕೆ ಆಧಾರವಿತ್ತು. ಕನ್ನಡದ ಮೂಲ ಸಾಕ್ಷ್ಯವನ್ನು ತರಿಸಬೇಕೆಂದು ವಿಚಾರಣೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಆ ತಾಯಿ ತೀರಿಕೊಂಡು ವರ್ಷವಾಗಿತ್ತು, ಅವಳನ್ನು ಕೇಳುವಂತಿರಲಿಲ್ಲ. ಸುದ್ದಿ ತಿಳಿದು ಅಣ್ಣತಮ್ಮಂದಿರು ಕಚೇರಿಗೆ ಬಂದರು. ಹೊರಗಿನ ಜಗಲಿಯ ಮೇಲೆ, ನನ್ನ ಕಿವಿಗೆ ಬೀಳುವಂತೆಯೇ, ಅಣ್ಣ ತಮ್ಮನನ್ನು ಕೇಳಿದ: ‘ಏನೋ, ನೀನೇನಾದರೂ ಅಪ್ಪನ ಹತ್ತಿರ ಹೂಂ ಅಂದಿದ್ದೆಯೇನೋ?’ ತಮ್ಮ ಉತ್ತರ ಕೊಡಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ನಿಂತ.

ನಮ್ಮ ವಕೀಲರು ನನ್ನನ್ನು ಒಳಗೆ ಕರೆದರು. ಗದರಿಸಲಿಲ್ಲ. ‘ಆ ತಾಯಿ ಹೇಳಿದ್ದು ಒಂದು ಮಾತು, ನೀನು ಬರೆದದ್ದು ಎರಡು. ನೈದರ್ ಅನ್ನೋ ಪದ ಕೇಳಿಲ್ಲವೇನಯ್ಯ?’ ಎಂದರು. ಕೇಳಿದ್ದೆ. ಬಿಟ್ಟ ಸ್ಥಳದಲ್ಲಿ ತುಂಬಿಯೂ ಇದ್ದೆ. ಬೇಕಾದ ಹೊತ್ತಿನಲ್ಲಿ ಕೈಗೆ ಬಂದಿರಲಿಲ್ಲ, ಅಷ್ಟೆ.

ಅಂದಿನಿಂದ ಆ ಪದ ನನ್ನ ಬೆನ್ನು ಹತ್ತಿತು. ಎಲ್ಲಿಂದ ಬಂತು ಇದು, ಎರಡಕ್ಕೆ ಮಾತ್ರ ಏಕೆ ಸಲ್ಲುತ್ತದೆ, ನಮಗೇಕೆ ಬೇಗ ಒಲಿಯದು ಎಂದು ಬಿಡುವಾದಾಗಲೆಲ್ಲ ಓದುತ್ತ ಬಂದೆ. ಓದಿದಂತೆ ಅದು ವ್ಯಾಕರಣದ ಸೂತ್ರವಾಗಿ ಕಾಣದೆ, ಒಂದು ಹಳೆಯ ಮನೆತನದ ಕಥೆಯಾಗಿ ಕಾಣತೊಡಗಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮೊದಲಿನ ಹಳೆಯ ಇಂಗ್ಲಿಷಿನಲ್ಲಿ ನಿಷೇಧಕ್ಕೆ ಮುಖ್ಯವಾಗಿ ಇದ್ದದ್ದು ‘ನೆ’ ಎಂಬ ಒಂದು ಅವ್ಯಯ. ಸಂಸ್ಕೃತದ ನಕಾರಕ್ಕೆ ಅದು ನೆಂಟ. ಕ್ರಿಯಾಪದಕ್ಕೆ ಮುಂಚೆ ಬಂದು ನಿಲ್ಲುತ್ತಿತ್ತು. ಸಿಕ್ಕ ಪದಕ್ಕೆ ಅಂಟಿಕೊಳ್ಳುವ ಸ್ವಭಾವವೂ ಅದಕ್ಕಿತ್ತು. ‘ಎವರ್’ಗೆ ಅಂಟಿ ‘ನೆವರ್’ ಆಯಿತು. ‘ಒನ್’ಗೆ ಅಂಟಿ ‘ನನ್’ ಆಯಿತು. ಇಂದು ನಾವು ‘ನಾಟ್’ ಎನ್ನುವ ಪದ ಕೂಡ ‘ಯಾವೊಂದು ವಸ್ತುವೂ ಅಲ್ಲ’ ಎಂಬರ್ಥದ ಒಂದು ಸಮಾಸ ಸವೆದು ಸವೆದು ಉಳಿದ ಚೂರು. ‘ನೈದರ್’ ಕೂಡ ಇದೇ ಬಳಗದ್ದು. ಅದರ ಹಳೆಯ ರೂಪ ಹೆಚ್ಚುಕಡಿಮೆ ‘ನಾಹ್ವೆದರ್’. ಒಳಗಿರುವ ‘ಹ್ವೆದರ್’ ಎಂದರೆ ಇಂದಿನ ‘ವೆದರ್’. ಹವೆಯ ವೆದರ್ ಅಲ್ಲ. ಹೌದೋ ಅಲ್ಲವೋ ಎಂದು ಸಂಶಯ ಸೂಚಿಸುವ ವೆದರ್.

ಈ ವೆದರ್ ಪದಕ್ಕೆ ಆಗ ಇನ್ನೊಂದು ಅರ್ಥವಿತ್ತು: ‘ಇಬ್ಬರಲ್ಲಿ ಯಾರು?’ ಹಲವರಲ್ಲಿ ಯಾರು ಎಂದು ಕೇಳುವುದಕ್ಕೆ ಬೇರೆ ಪದ, ಇಬ್ಬರಲ್ಲಿ ಯಾರು ಎನ್ನುವುದಕ್ಕೆ ಇದು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನಲ್ಲಿಯೂ ಈ ಅರ್ಥ ಉಳಿದುಕೊಂಡಿದೆ. ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಮತ್ತು ಇಬ್ಬರು ಮಕ್ಕಳ ಕಥೆ ಬರುತ್ತದೆ. ತೋಟದ ಕೆಲಸಕ್ಕೆ ಹೋಗೆಂದು ತಂದೆ ಹೇಳಿದಾಗ ಒಬ್ಬ ಮಗ ಒಲ್ಲೆನೆಂದು ಆಮೇಲೆ ಹೋಗುತ್ತಾನೆ; ಇನ್ನೊಬ್ಬ ಹೂಂ ಎಂದು ಹೋಗದೆ ಉಳಿಯುತ್ತಾನೆ. ತಂದೆಯ ಇಷ್ಟವನ್ನು ನಡೆಸಿದವರು ಇವರಲ್ಲಿ ಯಾರು ಎಂದು ಯೇಸು ಕೇಳುವಲ್ಲಿ ‘ವೆದರ್’ ಎಂಬ ಪದವೇ ಇದೆ. ನಾನು ಆ ಪುಟವನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೂಂ ಎಂದವನು ಯಾರು ಎಂಬ ಪ್ರಶ್ನೆ ಜಗಲಿಯಿಂದ ಕೇಳಿಬಂದಂತಾಯಿತು.

ಸಂಸ್ಕೃತ ಬಲ್ಲವರಿಗೆ ಇದು ಹೊಸದೆನ್ನಿಸಲಾರದು. ಇಬ್ಬರಲ್ಲಿ ಯಾರು ಎನ್ನುವುದಕ್ಕೆ ‘ಕತರ’, ಹಲವರಲ್ಲಿ ಯಾರು ಎನ್ನುವುದಕ್ಕೆ ‘ಕತಮ’ ಎಂದು ಸಂಸ್ಕೃತದಲ್ಲಿ ಎರಡು ಪದಗಳುಂಟು. ಎರಡರಲ್ಲಿ ಒಂದನ್ನು ಆರಿಸುವ ಪ್ರತ್ಯಯಕ್ಕೆ ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ‘ಕತರ’ ಮತ್ತು ‘ವೆದರ್’ ಒಂದೇ ಬೇರಿನಿಂದ ಒಡೆದ ಎರಡು ಚಿಗುರುಗಳು. ನಾವು ದಿನವೂ ಬಳಸುವ ‘ಇತರ’ ಎಂಬ ಪದದ ‘ತರ’ ಕೂಡ ಅದೇ. ಒಂದು ಈ ಕಡೆ, ಒಂದು ಆ ಕಡೆ ಎಂದು ಎರಡನ್ನು ಎದುರುಬದುರಾಗಿ ನಿಲ್ಲಿಸುವುದೇ ಆ ಪ್ರತ್ಯಯದ ಕೆಲಸ.

ಹಳೆಯ ಇಂಗ್ಲಿಷಿನಲ್ಲಿ ಸರ್ವನಾಮಗಳಿಗೆ ದ್ವಿವಚನವೇ ಇತ್ತೆಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ‘ನಾವಿಬ್ಬರು’ ಎನ್ನಲು ‘ವಿಟ್’, ‘ನೀವಿಬ್ಬರು’ ಎನ್ನಲು ‘ಗಿಟ್’. ಹದಿಮೂರನೆಯ ಶತಮಾನದ ಹೊತ್ತಿಗೆ ಇವು ಬಳಕೆಯಿಂದ ಜಾರಿಹೋದವು. ದ್ವಿವಚನ ಹೋಯಿತು, ಅದರ ಕಾಲದ ಪಾತ್ರೆಪಡಗಗಳಂತೆ ‘ಬೋತ್’, ‘ಐದರ್’, ‘ನೈದರ್’ ಉಳಿದುಕೊಂಡವು. ಎರಡಕ್ಕಿಂತ ಹೆಚ್ಚಿದ್ದರೆ ‘ನೈದರ್’ ಬಳಸಬಾರದು, ‘ನನ್’ ಬಳಸಬೇಕು ಎಂದು ಮೇಷ್ಟರು ಹೇಳುತ್ತಿದ್ದ ನಿಯಮದ ಹಿಂದೆ ಇರುವುದು ಈ ಮರೆತುಹೋದ ದ್ವಿವಚನದ ನೆನಪು. ಇನ್ನು ‘ನಾರ್’ ಎಂಬುದು ‘ನೈದರ್’ನ ಹಳೆಯ ರೂಪವೊಂದು ಮಾತಿನ ಭರದಲ್ಲಿ ಕುಗ್ಗಿ ಹುಟ್ಟಿದ್ದು, ಅಂದ ಮೇಲೆ ವಾಕ್ಯದಲ್ಲಿ ಒಂದರ ಹಿಂದೆ ಒಂದು ನಡೆಯುವ ಇವು ಒಂದೇ ತಾಯಿಯ ಮಕ್ಕಳು. ‘ನೈದರ್’ ಎನ್ನಬೇಕೋ ‘ನೀದರ್’ ಎನ್ನಬೇಕೋ ಎಂಬ ಜಗಳವೂ ಹಳೆಯದೇ. ಎರಡೂ ಸರಿ, ಅದಕ್ಕೆ ಹೆಚ್ಚು ಸಮಯ ಕೊಡಬೇಕಾಗಿಲ್ಲ.

ಲ್ಯಾಟಿನ್ನಿನಲ್ಲಿ ಇದೇ ಅರ್ಥಕ್ಕೆ ‘ನ್ಯೂಟರ್’ ಎಂಬ ಪದವಿತ್ತು. ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುವ ಲಿಂಗಕ್ಕೆ ಅಲ್ಲಿನ ವ್ಯಾಕರಣಕಾರರು ಆ ಹೆಸರಿಟ್ಟರು, ನಮ್ಮವರು ನಪುಂಸಕವೆಂದರು. ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದ ದೇಶವನ್ನು ಇಂಗ್ಲಿಷಿನಲ್ಲಿ ‘ನ್ಯೂಟ್ರಲ್’ ಎನ್ನುವುದು ಇದರಿಂದಲೇ. ನಾವು ಅದನ್ನು ‘ತಟಸ್ಥ’ ಎನ್ನುತ್ತೇವೆ. ಅವರದು ಎರಡನ್ನು ಎಣಿಸಿ ಎರಡನ್ನೂ ಅಲ್ಲಗಳೆಯುವ ಲೆಕ್ಕ. ನಮ್ಮದು ದಡದಲ್ಲಿ ನಿಂತು ಹರಿಯುವ ನೀರನ್ನು ನೋಡುವ ಚಿತ್ರ. ಚಿತ್ರವೇ ನನಗೆ ಹೆಚ್ಚು ಇಷ್ಟ. ಹಾಗೆಂದು ನಮ್ಮವರಿಗೆ ಆ ಲೆಕ್ಕ ತಿಳಿಯದೆಂದಲ್ಲ. ಇದೆ, ಇಲ್ಲ, ಎರಡೂ ಹೌದು, ಎರಡೂ ಅಲ್ಲ ಎಂದು ನಾಲ್ಕು ಕೋಟಿಗಳನ್ನು ಇಟ್ಟು ನಾಗಾರ್ಜುನ ವಾದ ಮಾಡಿದ್ದಾನೆ. ನಾಲ್ಕನೆಯದಕ್ಕೆ ‘ಅನುಭಯ’ ಎಂದು ಶಾಸ್ತ್ರದ ಹೆಸರು. ಋಗ್ವೇದದ ನಾಸದೀಯ ಸೂಕ್ತ ಸತ್ತು ಅಸತ್ತು ಎರಡನ್ನೂ ನಿರಾಕರಿಸಿಯೇ ಆರಂಭವಾಗುತ್ತದೆ. ಆದರೆ ‘ಅನುಭಯ’ ಶಾಸ್ತ್ರಗ್ರಂಥದಿಂದ ಹೊರಬಂದು ಕನ್ನಡದ ಅಂಗಡಿ ಬೀದಿಗೆ ಇಳಿಯಲಿಲ್ಲ. ‘ನೈದರ್’ ಇಂಗ್ಲಿಷಿನ ಬೀದಿಯಲ್ಲಿಯೇ ಬೆಳೆದದ್ದು.

ಈಗ ಇನ್ನೊಂದು ಗಂಟಿಗೆ ಬರೋಣ. ಎರಡು ನಿಷೇಧಗಳು ಸೇರಿದರೆ ವಿಧಿಯಾಗುತ್ತದೆ, ಒಂದು ವಾಕ್ಯಕ್ಕೆ ಒಂದೇ ನಿಷೇಧ ಸಾಕು, ‘ನೈದರ್’ ಇದ್ದಲ್ಲಿ ಮತ್ತೆ ‘ನಾಟ್’ ಬರಕೂಡದು ಎಂದು ನಾವೆಲ್ಲ ಕಲಿತಿದ್ದೇವೆ. ಇಂಗ್ಲಿಷಿಗೆ ಇದು ಹುಟ್ಟುಗುಣವೆಂದೇ ನಾನು ತಿಳಿದಿದ್ದೆ. ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ನಿಷೇಧಗಳು ಒಂದನ್ನೊಂದು ಹೊಡೆದುಹಾಕುತ್ತಿರಲಿಲ್ಲ, ಒಂದಕ್ಕೊಂದು ಬಲ ಕೊಡುತ್ತಿದ್ದವು. 1400ರಲ್ಲಿ ತೀರಿಕೊಂಡ ಚಾಸರ್ ಕವಿ ತನ್ನ ಕ್ಯಾಂಟರ್ಬರಿ ಯಾತ್ರಿಕರಲ್ಲಿ ಒಬ್ಬನಾದ ಸರದಾರನನ್ನು ಪರಿಚಯಿಸುತ್ತ, ಆತ ಎಂದೂ ಯಾರೊಡನೆಯೂ ಒರಟು ಮಾತಾಡಿದವನಲ್ಲ ಎಂದು ಹೊಗಳುವಾಗ ಎರಡು ಸಾಲಿನಲ್ಲಿ ನಾಲ್ಕು ನಿಷೇಧಪದಗಳನ್ನು ಪೇರಿಸುತ್ತಾನೆ. ಈಗಿನ ಲೆಕ್ಕದಲ್ಲಿ ನಾಲ್ಕೂ ಜೋಡಿಜೋಡಿಯಾಗಿ ಹೊಡೆದುಹೋಗಿ ಆ ಸಜ್ಜನ ಬೈಗುಳದ ಬಾಯಿಯವನಾಗಬೇಕು! ಚಾಸರನ ಕೇಳುಗರಲ್ಲಿ ಯಾರೂ ಹಾಗೆ ತಿಳಿದಿರಲಾರರು. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಗಂಡುವೇಷದ ವಯೋಲಾ, ತನ್ನ ಹೃದಯಕ್ಕೆ ಯಾವ ಹೆಣ್ಣೂ ಒಡತಿಯಾಗಲಾರಳು ಎನ್ನುವಾಗ ಮೂರು ನಿಷೇಧಗಳನ್ನು ನಡುವೆ ಉಸಿರು ಬಿಡದೆ ಒಂದರ ಮೇಲೊಂದು ಹೇರುತ್ತಾಳೆ. ರಂಗದ ಮೇಲೆ ಅದು ಮೂರು ಬಾರಿ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ.

ಇದೇಕೆ ಹೀಗೆ ಎಂಬುದನ್ನು ವಿವರಿಸಿದವನು ಡೆನ್ಮಾರ್ಕಿನ ಆಟೋ ಯೆಸ್ಪರ್ಸನ್ ಎಂಬ ಪಂಡಿತ. ನಿಷೇಧವನ್ನೇ ಕುರಿತು ಅವನು 1917ರಲ್ಲಿ ಒಂದು ಗ್ರಂಥ ಬರೆದ. ‘ನೆ’ಯಂಥ ಸಣ್ಣ ಅವ್ಯಯ ಮಾತಿನಲ್ಲಿ ದುರ್ಬಲವಾಗುತ್ತ ಬರುತ್ತದೆ; ಕೇಳುವವನಿಗೆ ತಪ್ಪಿಹೋದೀತೆಂಬ ಭಯದಿಂದ ಇನ್ನೊಂದು ಪದ ಊರುಗೋಲಾಗಿ ಬರುತ್ತದೆ; ಕಾಲಕ್ರಮದಲ್ಲಿ ಊರುಗೋಲೇ ಕಾಲಾಗಿ, ಕಾಲು ಉದುರಿಹೋಗುತ್ತದೆ. ‘ನಾಟ್’ ಹೀಗೆ ಬಂದ ಊರುಗೋಲು. ಆಕಾಶವಾಣಿಯಲ್ಲಿ ಮಾತಾಡುವವನಿಗೆ ಈ ಭಯ ಚೆನ್ನಾಗಿ ಗೊತ್ತು. ಒಂದು ‘ಇಲ್ಲ’ ಗದ್ದಲದಲ್ಲಿ ಮುಳುಗಿದರೆ ಹೇಳಿದ್ದೆಲ್ಲ ತಿರುಗುಮುರುಗು.

ಹಾಗಾದರೆ ನಿಯಮ ಎಲ್ಲಿಂದ ಬಂತು? ಸಾಮಾನ್ಯವಾಗಿ ರಾಬರ್ಟ್ ಲೌತ್ ಎಂಬಾತನ ತಲೆಗೆ ಇದನ್ನು ಕಟ್ಟುತ್ತಾರೆ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿ ಹೀಬ್ರೂ ಕಾವ್ಯವನ್ನು ಕುರಿತು ಉಪನ್ಯಾಸ ಮಾಡಿದ ದೊಡ್ಡ ವಿದ್ವಾಂಸ. ಮುಂದೆ ಲಂಡನ್ನಿನ ಬಿಷಪ್ಪನಾದ. 1762ರಲ್ಲಿ ಹೆಸರು ಹಾಕದೆ ಒಂದು ಸಣ್ಣ ಇಂಗ್ಲಿಷ್ ವ್ಯಾಕರಣವನ್ನು ಪ್ರಕಟಿಸಿದ. ಎರಡು ನಿಷೇಧಗಳು ಪರಸ್ಪರ ನಾಶವಾಗುತ್ತವೆ ಎಂಬ ಮಾತು ಅದರ ಮೊದಲ ಮುದ್ರಣದಲ್ಲಿ ಇರಲಿಲ್ಲ, ಮರುವರ್ಷದ ಎರಡನೆಯ ಮುದ್ರಣದಲ್ಲಿ ಸೇರಿತು. ಅವನಿಗಿಂತ ಅರ್ಧ ಶತಮಾನ ಮೊದಲೇ, 1711ರಲ್ಲಿ, ಜೇಮ್ಸ್ ಗ್ರೀನ್‌ವುಡ್ ಎಂಬ ವ್ಯಾಕರಣಕಾರ ಅದೇ ಮಾತನ್ನು ಹೇಳಿದ್ದ. ಇಬ್ಬರ ಕಣ್ಣೆದುರಿಗೂ ಇದ್ದ ಮಾದರಿ ಲ್ಯಾಟಿನ್. ಲ್ಯಾಟಿನ್ನಿನಲ್ಲಿ ಎರಡು ನಿಷೇಧ ಸೇರಿದರೆ ನಿಜವಾಗಿಯೂ ವಿಧಿಯಾಗುತ್ತದೆ.

ಲೌತನನ್ನು ಬೈಯುವುದು ಇತ್ತೀಚೆಗೆ ಭಾಷಾಶಾಸ್ತ್ರಜ್ಞರಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಬದುಕಿದ್ದ ಭಾಷೆಯನ್ನು ಲ್ಯಾಟಿನ್ನಿನ ಅಚ್ಚಿಗೆ ಹಾಕಿ ಕೊಂದನೆಂದು ಆರೋಪ. ನನಗೆ ಇದು ಪೂರ್ತಿ ನ್ಯಾಯವೆಂದು ತೋರುವುದಿಲ್ಲ. ಹೆಲ್ಸಿಂಕಿಯ ವಿದ್ವಾಂಸರು ಹದಿನೈದರಿಂದ ಹದಿನೇಳನೆಯ ಶತಮಾನದವರೆಗಿನ ಖಾಸಗಿ ಪತ್ರಗಳನ್ನು ರಾಶಿ ಹಾಕಿ ಎಣಿಸಿ ನೋಡಿದ್ದಾರೆ. ನಿಷೇಧವನ್ನು ಪೇರಿಸುವ ಪದ್ಧತಿ ಓದುಬರಹ ಬಲ್ಲವರ ಬರವಣಿಗೆಯಲ್ಲಿ ವ್ಯಾಕರಣಕಾರರು ಬಾಯಿ ತೆರೆಯುವ ಮೊದಲೇ ಕ್ಷೀಣಿಸುತ್ತಿತ್ತು; ಅದನ್ನು ಮೊದಲು ಕೈಬಿಟ್ಟವರಲ್ಲಿ ವಿದ್ಯಾವಂತ ವೃತ್ತಿಗಳಲ್ಲಿದ್ದ ಗಂಡಸರು ಮುಂದಾಳುಗಳು. ಲೌತ್ ಕೊಲೆ ಮಾಡಿದವನಲ್ಲ, ಮರಣಪತ್ರ ಬರೆದವನು. ಅದೂ ಬರವಣಿಗೆಯ ಮಟ್ಟಿಗೆ. 

ಆಡುಮಾತಿನಲ್ಲಿ ಸತ್ತೇ ಇಲ್ಲ: ಇಂಗ್ಲೆಂಡಿನ ಹಲವು ಪ್ರಾಂತಗಳ ಮಾತಿನಲ್ಲಿ, ಅಮೆರಿಕದ ಕರಿಯ ಜನರ ಇಂಗ್ಲಿಷಿನಲ್ಲಿ ಚಾಸರನ ಪದ್ಧತಿ ಇಂದಿಗೂ ಜೀವಂತವಾಗಿದೆ. ಅದನ್ನು ಅಜ್ಞಾನವೆಂದು ನಗುವವರು ಚಾಸರನನ್ನೂ ನಕ್ಕುಬಿಡಬೇಕಾಗುತ್ತದೆ.

ಲೌತನದು ಸಣ್ಣ ಪುಸ್ತಕ. ಅದನ್ನು ಶಾಲೆಯ ಮಕ್ಕಳ ಕೈಗೆ ಮುಟ್ಟಿಸಿದವನು ಲಿಂಡ್ಲಿ ಮರೆ. ಅಮೆರಿಕದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವಕೀಲಿ ಮಾಡಿ, ಮೈಯಲ್ಲಿ ಶಕ್ತಿ ಕುಂದಿದ ಮೇಲೆ 1784ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ನಗರದ ಬಳಿ ನೆಲಸಿದ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಾಧ್ಯಾಯಿನಿಯರು ಕೇಳಿಕೊಂಡರೆಂದು 1795ರಲ್ಲಿ ವ್ಯಾಕರಣ ಬರೆದ. ಬಹುಪಾಲು ಲೌತನಿಂದ ತೆಗೆದುಕೊಂಡದ್ದೇ. ಆದರೆ ಅದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು. ನಾವು ಕಲಿತ ನಿಯಮಗಳ ಮಾತಿನ ಧಾಟಿಯಲ್ಲಿ ವಕೀಲನ ಗಂಟಲು ಕೇಳಿಸುತ್ತದೆ ಎಂದು ನನಗೆ ಮೊದಲಿನಿಂದ ಅನ್ನಿಸುತ್ತಿತ್ತು. ಅನುಮಾನ ಸುಳ್ಳಾಗಲಿಲ್ಲ.

ನಿಯಮಗಳನ್ನು ಬರೆದ ಮೇಲೂ ಅವು ಪೂರ್ತಿ ಕೈಗೆ ಸಿಕ್ಕಿದವೆ ಎಂದರೆ ಅದೂ ಇಲ್ಲ. ‘ನೈದರ್’ ಎರಡಕ್ಕೆ ಮಾತ್ರ ಎಂದೆವಷ್ಟೆ? ‘ಇಬ್ಬರಲ್ಲಿ ಒಬ್ಬನೂ’ ಎಂದು ಒಂಟಿಯಾಗಿ ನಿಂತಾಗ ಅದು ನಿಜ. ಆದರೆ ‘ನಾರ್’ ಜೊತೆಗೂಡಿ ಬಂದಾಗ ಎರಡರ ಗಡಿಯನ್ನು ಅದು ಎಂದೋ ದಾಟಿದೆ. ಅದೇ 1611ರ ಬೈಬಲ್ಲಿನಲ್ಲಿ, ರೋಮಿನವರಿಗೆ ಪೌಲನು ಬರೆದ ಪತ್ರದ 8ನೆಯ ಅಧ್ಯಾಯದ ಕೊನೆಯಲ್ಲಿ, ಸಾವು ಬದುಕುಗಳಿಂದ ಮೊದಲುಮಾಡಿ ಹತ್ತು ಸಂಗತಿಗಳು ಒಂದು ‘ನೈದರ್’ ಮತ್ತು ಒಂಬತ್ತು ‘ನಾರ್’ಗಳ ಸರಪಣಿಯಲ್ಲಿ ಕೋದುಕೊಂಡಿವೆ. ಅದನ್ನು ತಪ್ಪೆನ್ನುವ ಧೈರ್ಯ ಯಾವ ಪರೀಕ್ಷಕನಿಗಿದೆ?

ಕ್ರಿಯಾಪದದ ವಚನದ ತೊಡಕು ಇದಕ್ಕಿಂತ ದೊಡ್ಡದು. ಇಬ್ಬರನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಒಬ್ಬೊಬ್ಬನನ್ನೇ ನಿರಾಕರಿಸುವುದರಿಂದ ಏಕವಚನ ಬರಬೇಕೆಂಬುದು ಮರೆಯ ಕಾಲದ ತೀರ್ಪು. 1926ರಲ್ಲಿ ತನ್ನ ಪ್ರಯೋಗಕೋಶವನ್ನು ಪ್ರಕಟಿಸಿದ ಫೌಲರ್ ಕೂಡ ಅದನ್ನೇ ಎತ್ತಿಹಿಡಿದ. ಆದರೆ ಇಬ್ಬರೂ ಇಲ್ಲ ಎನ್ನುವಾಗ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಇಬ್ಬರದು. ಹೀಗಾಗಿ ಬಹುವಚನ ಮತ್ತೆ ಮತ್ತೆ ನುಸುಳುತ್ತದೆ. ನಿಘಂಟು ಬರೆದ ಡಾಕ್ಟರ್ ಜಾನ್ಸನ್ನನ ಗದ್ಯದಲ್ಲಿಯೂ ನುಸುಳಿದೆ. ‘ಅವನಾಗಲಿ ನಾನಾಗಲಿ’ ಎಂದು ಬಂದರಂತೂ ಕ್ರಿಯಾಪದ ಅವನಿಗೆ ಹೊಂದಬೇಕೋ ನನಗೆ ಹೊಂದಬೇಕೋ ತಿಳಿಯದೆ, ಹತ್ತಿರ ಇರುವವನಿಗೆ ಹೊಂದಲಿ ಎಂದು ರಾಜಿ ಮಾಡಿಕೊಂಡಿದ್ದಾರೆ. ಪಂಚಾಯಿತಿಯ ತೀರ್ಮಾನದ ಹಾಗಿದೆ ಅದು.

ಈ ತೊಡಕು ನಮಗಿಲ್ಲ. ‘ಅವನಾಗಲಿ ನಾನಾಗಲಿ ಬರಲಿಲ್ಲ.’ ‘ಬರಲಿಲ್ಲ’ ಎಂಬುದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷಭೇದವಿಲ್ಲ. ಹಿಂದೆ ಹೀಗಿರಲಿಲ್ಲ. ಹಳಗನ್ನಡದ ನಿಷೇಧಕ್ರಿಯೆಯಲ್ಲಿ ‘ಬಾರೆನು, ಬಾರನು, ಬಾರರು’ ಎಂದು ರೂಪ ಬದಲಾಗುತ್ತಿತ್ತು. ಕಾಲಭೇದ ಮಾತ್ರ ಇರಲಿಲ್ಲ. ಕೇಶಿರಾಜನಿಂದ ಕಿಟ್ಟೆಲ್ಲರವರೆಗೆ ವ್ಯಾಕರಣಕಾರರೆಲ್ಲ ಗಮನಿಸಿದ ಸಂಗತಿ ಇದು. ‘ಇಲ್ಲ’ ಎಂಬ ಒಂದೇ ಪದಕ್ಕೆ ಭಾರವನ್ನೆಲ್ಲ ಹೊರಿಸಿ ಹೊಸಗನ್ನಡ ನಿಶ್ಚಿಂತವಾಯಿತು. ‘ಆಗಲಿ’ ಎಂಬ ಪದವನ್ನೂ ನೋಡಿ. ಅವನಾದರೆ ಅವನಾಗಲಿ, ನಾನಾದರೆ ನಾನಾಗಲಿ ಎಂದು ಇಬ್ಬರಿಗೂ ಮೊದಲು ಒಪ್ಪಿಗೆ ಕೊಟ್ಟು, ಕೊನೆಯಲ್ಲಿ ‘ಇಲ್ಲ’ ಎನ್ನುವ ಸೌಜನ್ಯ ನಮ್ಮ ಭಾಷೆಯದು. ಇಂಗ್ಲಿಷಿನವನು ಬಾಗಿಲಲ್ಲೇ ‘ನೈದರ್’ ಎಂದು ತಡೆಯುತ್ತಾನೆ. ನಾವು ಒಳಗೆ ಕರೆದು ಕೂರಿಸಿ ಆಮೇಲೆ ಇಲ್ಲವೆನ್ನುತ್ತೇವೆ.

ನನ್ನ ತಪ್ಪಿನ ಬೇರು ಇಲ್ಲಿದೆ. ಕನ್ನಡದಲ್ಲಿ ‘ಯಾರೂ’, ‘ಏನೂ’, ‘ಒಬ್ಬನೂ’, ‘ಇಬ್ಬರೂ’ ಇವು ತಾವಾಗಿ ನಿಷೇಧಪದಗಳಲ್ಲ. ಕೊನೆಯ ‘ಊ’ ಎಲ್ಲರನ್ನೂ ಒಟ್ಟುಗೂಡಿಸಿ ನಿಲ್ಲಿಸುತ್ತದೆ, ಅಷ್ಟೆ. ವಾಕ್ಯದ ತುದಿಯಲ್ಲಿ ಬರುವ ‘ಇಲ್ಲ’ ಹಿಂದಿರುಗಿ ನೋಡಿ ಒಟ್ಟುಗೂಡಿದವರನ್ನೆಲ್ಲ ಒರಸುತ್ತದೆ. ‘ಇಬ್ಬರೂ ಒಪ್ಪಿರಲಿಲ್ಲ’ ಎಂದಾಗ ಒಬ್ಬ ಒಪ್ಪಿದ್ದನೇ ಎಂಬ ಸಂಶಯ ನಮಗೆ ಹುಟ್ಟುವುದಿಲ್ಲ. ಇಂಗ್ಲಿಷಿನ ‘ಬೋತ್’ ಜೊತೆಗೆ ‘ನಾಟ್’ ಸೇರಿದರೆ, ನಿಷೇಧ ಒಬ್ಬೊಬ್ಬನಿಗೂ ತಗಲುತ್ತದೆಯೋ ‘ಇಬ್ಬರೂ’ ಎಂಬ ಸಂಖ್ಯೆಗೆ ಮಾತ್ರ ತಗಲುತ್ತದೆಯೋ ಎಂಬುದು ತೂಗುತ್ತ ನಿಲ್ಲುತ್ತದೆ. ಆಡುವಾಗ ದನಿಯ ಏರಿಳಿತ ಅದನ್ನು ತೀರ್ಮಾನಿಸುತ್ತದೆ, ಕಾಗದಕ್ಕೆ ದನಿಯಿಲ್ಲ. ಈ ತೂಗಾಟಕ್ಕೆ ಅವರು ಹುಡುಕಿಕೊಂಡ ಉತ್ತರವೇ ‘ನೈದರ್’. ಇಬ್ಬರಲ್ಲಿ ಒಬ್ಬನೂ ಅಲ್ಲ ಎಂದಾದರೆ ‘ನೈದರ್’. ಇಬ್ಬರೂ ಅಲ್ಲ, ಒಬ್ಬ ಮಾತ್ರ ಎಂದಾದರೆ ‘ನಾಟ್ ಬೋತ್’.

ಈ ಬಗೆಯ ತೂಗಾಟ ಕನ್ನಡಕ್ಕೆ ಅಪರಿಚಿತವೆಂದು ಬೀಗಬೇಕಾಗಿಲ್ಲ. ‘ಎಲ್ಲರೂ ಬರಲಿಲ್ಲ’ ಎಂದು ಯಾರಾದರೂ ಹೇಳಿದರೆ, ಒಬ್ಬರೂ ಬರಲಿಲ್ಲವೋ ಕೆಲವರು ಬರಲಿಲ್ಲವೋ ಎಂದು ಮರಳಿ ಕೇಳಬೇಕಾಗುತ್ತದೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಅಕ್ಷರಶಃ ತೆಗೆದುಕೊಂಡರೆ ಲೋಕದಲ್ಲಿ ಹಾಲೇ ಇಲ್ಲದಂತಾಗುತ್ತದೆ. ಹೊಳೆಯುವುದನ್ನೂ ಚಿನ್ನವನ್ನೂ ಕುರಿತ ಇಂಗ್ಲಿಷ್ ಗಾದೆಯ ಕಟ್ಟೂ ಹೀಗೆಯೇ ಇದೆ. ಎರಡು ಕಡೆಯವರೂ ಗಾದೆಯನ್ನು ತಪ್ಪಾಗಿ ತಿಳಿಯುವುದಿಲ್ಲ, ಏಕೆಂದರೆ ಹಾಲನ್ನೂ ಚಿನ್ನವನ್ನೂ ಕಂಡಿದ್ದಾರೆ. ನ್ಯಾಯಾಲಯ ಆ ಅಣ್ಣತಮ್ಮಂದಿರ ಮನೆಯನ್ನು ಕಂಡಿರಲಿಲ್ಲ.

ನಮಗೆ ಇದನ್ನು ಕಲಿಸಿದ ಪುಸ್ತಕಗಳು ಇಂಗ್ಲೆಂಡಿನಿಂದ ನೇರವಾಗಿ ಬಂದವಲ್ಲ. ಬಹುಪಾಲು ಇಲ್ಲಿಯೇ ದುಡಿದ ಇಂಗ್ಲಿಷರು ಭಾರತದ ಹುಡುಗರಿಗೆಂದು ಬರೆದವು. ಉತ್ತರ ಭಾರತದ ವಿದ್ಯಾ ಇಲಾಖೆಯಲ್ಲಿದ್ದ ನೆಸ್‌ಫೀಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದದ್ದು ನಮ್ಮ ತಾತಂದಿರ ಕಾಲಕ್ಕೆ. ಅವನ ತರುವಾಯ ಬಂದದ್ದು ರೆನ್ ಮತ್ತು ಮಾರ್ಟಿನ್. ಆ ರೆನ್ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು. ಧಾರವಾಡ, ಬೆಳಗಾವಿಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವನೂ ಅವನೇ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. ನಿಯಮ ಬಾಯಿಪಾಠವಾಗುವವರೆಗೆ ಆ ಪುಟಗಳನ್ನು ನಾನೂ ಓದಿದ್ದೆ. ‘ಇಬ್ಬರೂ ಇಲ್ಲ’ ಎಂಬ ಕನ್ನಡ ಮನಸ್ಸಿನಲ್ಲಿ ಏಳುವ ಕ್ಷಣಕ್ಕೆ ಸರಿಯಾಗಿ ‘ನೈದರ್’ ಏಳುವಂತೆ ಎರಡಕ್ಕೂ ಗಂಟು ಹಾಕಿಕೊಂಡಿರಲಿಲ್ಲ. ಮುಂದೆ ನಾನು ಮೇಷ್ಟರಾದಾಗ ಬಿಟ್ಟ ಸ್ಥಳ ತುಂಬಿಸುವುದನ್ನು ಕೈಬಿಟ್ಟು, ಕನ್ನಡ ವಾಕ್ಯ ಹೇಳಿ ಇಂಗ್ಲಿಷ್ ಕೇಳುತ್ತಿದ್ದೆ. ನಲವತ್ತು ಹುಡುಗರಲ್ಲಿ ಮೂವತ್ತು ಜನ ‘ಬೋತ್’ ಎಂದೇ ಆರಂಭಿಸುತ್ತಿದ್ದರು.

ಮೊಕದ್ದಮೆಯ ಕಥೆ ಉಳಿಯಿತು. ಐದಾರು ತಿಂಗಳ ಮೇಲೆ ಮೂಲ ಸಾಕ್ಷ್ಯ ಬಂತು. ಕನ್ನಡ ಬಲ್ಲವರು ಅದನ್ನು ಓದಿ ಹೇಳಿದರು. ಎರಡು ನಿಮಿಷದಲ್ಲಿ ಆ ವಾದ ಬಿದ್ದುಹೋಯಿತು. ನಮ್ಮ ವಕೀಲರು ನನ್ನ ಪುಟವನ್ನು ತೆಗೆದುಕೊಂಡು ‘ಬೋತ್’ ಮತ್ತು ‘ನಾಟ್’ಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಅಂಚಿನಲ್ಲಿ ‘ನೈದರ್’ ಎಂದು ಬರೆದು ಕೊಟ್ಟರು. ತೀರ್ಪು ಮಕ್ಕಳ ಕಡೆಗೇ ಆಯಿತು.

ಹಲವು ವರ್ಷಗಳ ಮೇಲೆ ಬಸ್ ನಿಲ್ದಾಣವೊಂದರಲ್ಲಿ ಆ ತಮ್ಮ ಸಿಕ್ಕಿದ. ಜಮೀನು ಭಾಗವಾಗಿತ್ತು, ಅಣ್ಣ ಬೇರೆ ಮನೆ ಕಟ್ಟಿಕೊಂಡಿದ್ದ. ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೇಳಿಬಿಡೋಣವೆಂದು, ಆ ಇಂಗ್ಲಿಷ್ ವಾಕ್ಯ ಬರೆದವನು ನಾನೇ ಎಂದೆ. ಅವನು ನನ್ನನ್ನು ಕ್ಷಣಕಾಲ ನೋಡಿ, ‘ಹೋಗಲಿ ಬಿಡಿ ಸ್ವಾಮಿ’ ಎಂದ. ‘ಅಮ್ಮ ಹಾಗೆ ಹೇಳಿರೋದಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಅಣ್ಣನಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ.’

ಅಷ್ಟರಲ್ಲಿ ಅವನ ಬಸ್ಸು ಬಂತು.